“ನೀವು ಯಾವ ಜನ?”
ಬಾಡಿಗೆ ಮನೆಯ ಬಾಗಿಲಲ್ಲಿ ಭೇದಭಾವ: ಗುರುತಿಸುವುದು, ದೂರು ಕೊಡುವುದು



ಬಾಡಿಗೆ ಮನೆ ಹುಡುಕಿ ಅಲೆದವರು ನಮ್ಮಲ್ಲಿ ಬಹುಮಂದಿ ಇದ್ದಾರೆ. ಗೇಟಿನ ಮೇಲೆ ‘ಮನೆ ಬಾಡಿಗೆಗಿದೆ’ ಎಂಬ ಫಲಕ. ಒಳಗೆ ಹೋದರೆ ಮಾಲೀಕರು ಆದರದಿಂದಲೇ ಮನೆ ತೋರಿಸುತ್ತಾರೆ. ನೀರು ಬರುವ ಹೊತ್ತು, ಕರೆಂಟಿನ ಮೀಟರು, ಅಡ್ವಾನ್ಸು ಎಲ್ಲವೂ ಮಾತಾಗುತ್ತದೆ. ಇನ್ನೇನು ಒಪ್ಪಿಗೆಯಾಯಿತು ಎನ್ನುವಾಗ ಒಂದು ಪ್ರಶ್ನೆ ಬರುತ್ತದೆ: “ತಪ್ಪು ತಿಳ್ಕೋಬೇಡಿ, ನೀವು ಯಾವ ಜನ?” ಉತ್ತರ ಕೇಳಿದ ಮೇಲೆ ಧ್ವನಿ ಬದಲಾಗುತ್ತದೆ. “ಮನೆಯವರನ್ನು ಕೇಳಿ ಹೇಳ್ತೀನಿ” ಎನ್ನುತ್ತಾರೆ. ಮಾರನೆಯ ದಿನ ವಿಚಾರಿಸಿದರೆ ಮನೆ ಆಗಿಹೋಗಿದೆ. ಎಂಟು ದಿನ ಬಿಟ್ಟು ಅದೇ ಬೀದಿಯಲ್ಲಿ ಹೋದರೆ ಫಲಕ ಹಾಗೆಯೇ ನೇತಾಡುತ್ತಿರುತ್ತದೆ.

ಇಲ್ಲಿ ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ. ಅದಕ್ಕೇ ನಾವು ‘ನಮ್ಮ ಹಣೆಬರಹ’ ಎಂದು ನುಂಗಿಕೊಂಡು ಮುಂದಿನ ಬೀದಿಗೆ ನಡೆಯುತ್ತೇವೆ. ಆದರೆ ನಯವಾಗಿ ಮಾಡಿದ ಅನ್ಯಾಯವೂ ಅನ್ಯಾಯವೇ. ಅದನ್ನು ಗುರುತಿಸುವುದು ಹೇಗೆ, ಯಾರಿಗೆ ತಿಳಿಸಬೇಕು ಎಂಬುದನ್ನು ಈ ವಾರ ನೋಡೋಣ.

ಗುರುತಿಸುವುದು ಹೇಗೆ?

ಮೊದಲು ಒಂದು ಎಚ್ಚರಿಕೆ. ಮನೆ ಸಿಗದಿದ್ದಾಗಲೆಲ್ಲ ಅದು ಭೇದಭಾವವೇ ಆಗಿರುವುದಿಲ್ಲ. ಬೇರೆಯವರು ಮೊದಲೇ ಅಡ್ವಾನ್ಸು ಕೊಟ್ಟಿರಬಹುದು. ಬಾಡಿಗೆ ಕಟ್ಟುವ ಶಕ್ತಿಯ ಬಗ್ಗೆ ಮಾಲೀಕರಿಗೆ ಅನುಮಾನವಿರಬಹುದು. ನೆರೆಯವರ ಮೇಲೆ ಸುಳ್ಳು ಅಪವಾದ ಹೊರಿಸುವುದು ನಮಗೆ ತಕ್ಕದ್ದಲ್ಲ. ಆದರೆ ಕೆಳಗಿನ ಲಕ್ಷಣಗಳನ್ನು ಕಂಡರೆ ಯೋಚಿಸಿರಿ:

1. ಜಾತಿ, ಧರ್ಮ ತಿಳಿದ ಮೇಲೆಯೇ ಮಾತು ಬದಲಾಯಿತೇ?
2. ನಿಮಗೆ ‘ಇಲ್ಲ’ ಎಂದ ಮನೆಯನ್ನು ಬೇರೆ ಹೆಸರಿನವರು ಕೇಳಿದಾಗ ತೋರಿಸುತ್ತಾರೆಯೇ? ಪರಿಚಿತರೊಬ್ಬರಿಂದ ವಿಚಾರಿಸಿ ನೋಡಬಹುದು.
3. ನಿಮಗೆ ಮಾತ್ರ ಹೆಚ್ಚು ಅಡ್ವಾನ್ಸು, ಹೆಚ್ಚು ಬಾಡಿಗೆ ಕೇಳಿದರೇ?
4. ಮನೆಗೆ ಬಂದಾದ ಮೇಲೆ ಜಾತಿ ಗೊತ್ತಾಗಿ, ನಲ್ಲಿ ಮುಟ್ಟಬೇಡಿ, ಮೆಟ್ಟಿಲು ಬಳಸಬೇಡಿ, ಮನೆ ಖಾಲಿ ಮಾಡಿ ಎಂದರೇ?

‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಫಲಕವನ್ನು ನೇರವಾಗಿ ತಡೆಯುವ ಕಾನೂನು ಇಲ್ಲ. ಆದರೆ ಅನೇಕ ಸಲ ಅದು ಜಾತಿಯನ್ನು ಬಾಯಿಬಿಟ್ಟು ಕೇಳದೆ ಕೇಳುವ ರೀತಿ. “ನಾವು ಮಾಂಸ ತಿನ್ನುವುದಿಲ್ಲ” ಎಂದರೂ ಮನೆ ಕೊಡದಿದ್ದರೆ ಕಾರಣ ಅಡುಗೆಮನೆಯಲ್ಲಿ ಇಲ್ಲವೆಂದು ತಿಳಿಯಿರಿ.

ಕಾನೂನು ಏನು ಹೇಳುತ್ತದೆ?

ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದುಮಾಡಿದೆ. ಅದನ್ನು ಜಾರಿಗೆ ತರಲು ಬಂದದ್ದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ. ಯಾವುದೇ ಬಡಾವಣೆಯಲ್ಲಿ ವಾಸದ ಮನೆ ಕಟ್ಟುವುದಕ್ಕಾಗಲಿ, ಪಡೆಯುವುದಕ್ಕಾಗಲಿ, ವಾಸಿಸುವುದಕ್ಕಾಗಲಿ ಅಸ್ಪೃಶ್ಯತೆಯ ಕಾರಣದಿಂದ ಅಡ್ಡಿಮಾಡುವುದು ಇದರ 4ನೇ ಸೆಕ್ಷನ್ ಪ್ರಕಾರ ಅಪರಾಧ. ಒಂದರಿಂದ ಆರು ತಿಂಗಳವರೆಗೆ ಸೆರೆವಾಸ ಮತ್ತು ದಂಡ ವಿಧಿಸಬಹುದು. ತೊಂದರೆಗೊಳಗಾದವರು ಪರಿಶಿಷ್ಟ ಜಾತಿಯವರಾದರೆ ಕೃತ್ಯವು ಅಸ್ಪೃಶ್ಯತೆಯ ಕಾರಣದಿಂದಲೇ ನಡೆಯಿತೆಂದು ನ್ಯಾಯಾಲಯ ಭಾವಿಸಬೇಕು. ಹಾಗಲ್ಲವೆಂದು ತೋರಿಸುವ ಹೊಣೆ ಎದುರಾಳಿಯದು.

1989ರ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆ ಇನ್ನೂ ಕಠಿಣವಾದದ್ದು. 2016ರ ಜನವರಿಯಿಂದ ಜಾರಿಯಲ್ಲಿರುವ ತಿದ್ದುಪಡಿಯಂತೆ ಸಾಮಾಜಿಕ, ಆರ್ಥಿಕ ಬಹಿಷ್ಕಾರವೂ ಅಪರಾಧ. ವಾಸದ ಮನೆಯಿಂದ ಓಡಿಸುವುದು, ಜನರ ಎದುರಿಗೆ ಜಾತಿ ಹೆಸರಿಡಿದು ಬೈಯುವುದು ಕೂಡ ಅಪರಾಧ. ಆರು ತಿಂಗಳಿಂದ ಐದು ವರ್ಷದವರೆಗೆ ಶಿಕ್ಷೆ ಉಂಟು.

ಇಲ್ಲಿ ನಮ್ಮವರು ಎಡವುವ ಒಂದು ಜಾಗವಿದೆ. 1950ರ ರಾಷ್ಟ್ರಪತಿಗಳ ಆದೇಶದಂತೆ ಹಿಂದೂ, ಸಿಖ್ ಮತ್ತು ಬೌದ್ಧ ಧರ್ಮದವರನ್ನು ಮಾತ್ರ ಪರಿಶಿಷ್ಟ ಜಾತಿಯವರೆಂದು ಪರಿಗಣಿಸಲಾಗುತ್ತದೆ. ಆದುದರಿಂದ ದಲಿತ ಕ್ರೈಸ್ತರಿಗೆ 1989ರ ಕಾಯ್ದೆಯ ರಕ್ಷಣೆ ಸಿಗುವುದಿಲ್ಲ. ದೀಕ್ಷಾಸ್ನಾನ ಪಡೆದ ಮಾತ್ರಕ್ಕೆ ಮನೆ ಮಾಲೀಕರ ಕಣ್ಣಿಗೆ ಜಾತಿ ಅಳಿಸಿಹೋಗುವುದಿಲ್ಲ ಎಂಬುದು ನಮ್ಮ ದಲಿತ ಕುಟುಂಬಗಳಿಗೆ ಚೆನ್ನಾಗಿ ಗೊತ್ತು. ಆದರೆ ಕೈಚೆಲ್ಲಬೇಕಾಗಿಲ್ಲ. 1955ರ ಕಾಯ್ದೆಯ 4ನೇ ಸೆಕ್ಷನ್ ‘ಯಾವುದೇ ವ್ಯಕ್ತಿ’ ಎನ್ನುತ್ತದೆ. ಪರಿಶಿಷ್ಟ ಜಾತಿಯ ಪ್ರಮಾಣಪತ್ರವಿರಬೇಕೆಂದು ಹೇಳುವುದಿಲ್ಲ. ದಲಿತ ಕ್ರೈಸ್ತರು ಹಿಡಿಯಬೇಕಾದ ದಾರಿ ಅದು. ಪರಿಶಿಷ್ಟ ಪಂಗಡದವರಿಗೆ ಧರ್ಮದ ಈ ನಿರ್ಬಂಧವಿಲ್ಲ.

ಕೇವಲ ‘ಕ್ರೈಸ್ತರು’, ‘ಮುಸ್ಲಿಮರು’ ಎಂಬ ಕಾರಣಕ್ಕೆ ಖಾಸಗಿ ಮಾಲೀಕರು ಮನೆ ನಿರಾಕರಿಸಿದರೆ ಕಾನೂನು ದುರ್ಬಲವಾಗಿದೆ. 15ನೇ ವಿಧಿಯ ಮೊದಲ ಭಾಗ ಭೇದ ಮಾಡಬಾರದೆಂದು ಕಟ್ಟಿಹಾಕುವುದು ಸರ್ಕಾರವನ್ನು. ಪಾರಸಿಗಳಿಗೆ ಮಾತ್ರ ಸದಸ್ಯತ್ವವೆಂದ ಒಂದು ವಸತಿ ಸಹಕಾರ ಸಂಘದ ನಿಯಮವನ್ನು ಸುಪ್ರೀಂ ಕೋರ್ಟು 2005ರಲ್ಲಿ ಎತ್ತಿಹಿಡಿಯಿತು. ಆದರೂ ರಾಜ್ಯ ಅಲ್ಪಸಂಖ್ಯಾತರ ಆಯೋಗಕ್ಕೆ ಬರೆಯಿರಿ. ದೂರುಗಳೇ ಇಲ್ಲದಿದ್ದರೆ ತೊಂದರೆಯೇ ಇಲ್ಲವೆಂದು ಆಗುತ್ತದೆ.

ಎಚ್‌ಐವಿ ಸೋಂಕಿತರಿಗೆ ಬಾಡಿಗೆ ಮನೆ ನಿರಾಕರಿಸುವುದನ್ನು 2017ರ ಕಾಯ್ದೆ ನಿಷೇಧಿಸಿದೆ. ಇನ್ನು ಬಾಡಿಗೆದಾರರು ಯಾರೇ ಆಗಿರಲಿ, ಕಾನೂನಿನ ಕ್ರಮವಿಲ್ಲದೆ ಸಾಮಾನು ಹೊರಗೆಸೆದು ಮನೆ ಬಿಡಿಸಿದರೆ ಆರು ತಿಂಗಳೊಳಗೆ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಿ ಮನೆಯನ್ನು ಮರಳಿ ಕೇಳಬಹುದು.

ದೂರು ಕೊಡುವುದು ಹೇಗೆ?

ಅಂದೇ ಬರೆದಿಡಿರಿ. ಮುಖ್ಯವಾದ ಮಾತು ಇದೇ. ದಿನಾಂಕ, ಸಮಯ, ಮನೆಯ ವಿಳಾಸ, ಹೇಳಿದ ಮಾತು ಹೇಳಿದ ಹಾಗೆಯೇ, ಅಲ್ಲಿದ್ದವರ ಹೆಸರು. ಜಾತಿ ನಿಂದನೆಯಾದರೆ ಕೇಳಿಸಿಕೊಂಡ ಹೊರಗಿನವರು ಯಾರು ಎಂಬುದು ಬಹಳ ಮುಖ್ಯ. ನಾಲ್ಕು ಗೋಡೆಯ ಒಳಗೆ, ಹೊರಗಿನವರಿಲ್ಲದೆ ನಡೆದದ್ದು ಆ ಅಪರಾಧವಾಗದೆಂದು ಸುಪ್ರೀಂ ಕೋರ್ಟು 2020ರಲ್ಲಿ ಹೇಳಿದೆ. ಫಲಕದ ಫೋಟೋ, ಬ್ರೋಕರ್ ಕಳುಹಿಸಿದ ಮೆಸೇಜು, ಅಡ್ವಾನ್ಸಿನ ರಸೀದಿ ಯಾವುದನ್ನೂ ಅಳಿಸಬೇಡಿ. ಸಿಟ್ಟಿನಲ್ಲಿ ಜಗಳಕ್ಕೆ ನಿಲ್ಲಬೇಡಿ.

ಆಮೇಲೆ ಪೊಲೀಸ್ ಠಾಣೆಗೆ ಹೋಗಿ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಎಫ್‌ಐಆರ್ ಪ್ರತಿ ಉಚಿತವಾಗಿ ಸಿಗಬೇಕು. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳುಹಿಸಿ. ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಬಹುದು. ಈ ಎರಡು ಕಾಯ್ದೆಗಳ ಪ್ರಕರಣಗಳಿಗಾಗಿಯೇ ನಮ್ಮ ರಾಜ್ಯದಲ್ಲಿ ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯವಿದೆ. 14566 ದೌರ್ಜನ್ಯ ತಡೆಯ ರಾಷ್ಟ್ರೀಯ ಸಹಾಯವಾಣಿ. 15100 ಕಾನೂನು ನೆರವಿನದು. ಮಹಿಳೆಯರಿಗೆ, ಪರಿಶಿಷ್ಟರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಒದಗಿಸುತ್ತದೆ. ಒಬ್ಬರೇ ಹೋಗಲು ಅಂಜಿಕೆಯಾದರೆ ಧರ್ಮಕೇಂದ್ರದ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿರಿ.

ನಮ್ಮ ಮನೆಯ ಬಾಗಿಲು

ಇಷ್ಟೆಲ್ಲ ಓದಿದ ನಮ್ಮಲ್ಲಿ ಕೆಲವರಿಗೆ ಸ್ವಂತ ಮನೆ ಇದೆ, ಬಾಡಿಗೆಗೆ ಕೊಡುವ ಮಹಡಿಯೂ ಇದೆ. ಅದನ್ನು ಕೇಳಲು ಬಂದವರಿಗೆ ನಾವು ಹಾಕುವ ಮೊದಲ ಪ್ರಶ್ನೆ ಯಾವುದು? ನಮ್ಮ ಪಕ್ಕದಲ್ಲೇ ಮೊಣಕಾಲೂರಿ ಸತ್ಪ್ರಸಾದ ಸ್ವೀಕರಿಸಿದ ದಲಿತ ಕುಟುಂಬ ಬಂದಾಗ “ಮನೆಯವರನ್ನು ಕೇಳಿ ಹೇಳ್ತೀನಿ” ಎಂದವರು ನಮ್ಮಲ್ಲಿ ಇಲ್ಲವೇ? ಧರ್ಮಸಭೆಯ ಒಳಗೂ ಜಾತಿಭೇದ ಇದೆಯೆಂದು ಭಾರತದ ಧರ್ಮಾಧ್ಯಕ್ಷರೇ 2016ರ ದಲಿತ ಸಬಲೀಕರಣ ನೀತಿಯಲ್ಲಿ ನೋವಿನಿಂದ ಒಪ್ಪಿಕೊಂಡಿದ್ದಾರೆ. ಬೆತ್ಲೆಹೇಮಿನ ಛತ್ರದಲ್ಲಿ ಮಾತೆ ಮರಿಯಳಿಗೆ ಸ್ಥಳ ಸಿಗಲಿಲ್ಲವೆಂದು ಪ್ರತಿ ಕ್ರಿಸ್ಮಸ್‌ಗೆ ಮರುಗುವ ನಾವು, ನಮ್ಮ ಗೇಟಿನ ಫಲಕದ ಕೆಳಗೆ ನಿಂತವರನ್ನೂ ಒಮ್ಮೆ ನೋಡಬೇಕು.

ಬಾಡಿಗೆ ಎಷ್ಟು, ಎಷ್ಟು ಜನ ಇರುತ್ತೀರಿ, ಯಾವಾಗ ಬರುತ್ತೀರಿ: ಕೇಳಬೇಕಾದದ್ದು ಇಷ್ಟೇ.

ಕುಟುಂಬದಲ್ಲಿ ಚರ್ಚಿಸಿರಿ

1. ನಮಗೆ ಯಾರಾದರೂ ಜಾತಿ, ಧರ್ಮದ ಕಾರಣಕ್ಕೆ ಮನೆ ನಿರಾಕರಿಸಿದ್ದುಂಟೇ? ಆಗ ನಾವು ಏನು ಮಾಡಿದೆವು?
2. ನಾವು ಯಾರಿಗಾದರೂ ನಿರಾಕರಿಸಿದ್ದುಂಟೇ? ಅವರಿಗೆ ಹೇಳಿದ ಕಾರಣ ನಿಜವಾಗಿತ್ತೇ?
3. ಮನೆ ಸಿಗದೆ ಅಲೆಯುತ್ತಿರುವ ಕುಟುಂಬ ನಮ್ಮ ಧರ್ಮಕೇಂದ್ರದಲ್ಲಿ ಇದೆಯೇ? ಈ ವಾರ ಅವರ ಜೊತೆ ಹೋಗಿ ಮನೆ ಕೇಳುವವರು ಯಾರು?