ಮಲ್ಪೆಯ ಕಲ್ಲುಕಂಬ, ನಮ್ಮೂರ ಗದ್ದೆ

ಕಳೆದ ಜನವರಿಯಲ್ಲಿ ನಾವು ಆರು ಜನ ಫ್ರೆಂಡ್ಸ್ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿದ್ವಿ. ರಾಮನಾಥಪುರಕ್ಕೆ ವಾಪಸ್ ಬಂದ ಮೇಲೆ ತಾತನಿಗೆ ಫೋನಿನಲ್ಲಿ ಫೋಟೋ ತೋರಿಸಿದೆ. ಕಡಲಂಚಿನಲ್ಲಿ ಸಾಲಾಗಿ ನಿಂತ ಕಲ್ಲುಕಂಬಗಳನ್ನು ನೋಡಿ ತಾತ, "ಯಾವ ರಾಜ ಕೆತ್ತಿಸಿದ್ದು ಮಗ ಇದು?" ಅಂದರು. "ಯಾರೂ ಕೆತ್ತಿಲ್ಲ ತಾತ, ಇದು ಕಾಲಮ್ನಾರ್ ಜಾಯಿಂಟಿಂಗ್" ಅಂದೆ. ತಾತ ಸುಮ್ಮನೆ ನನ್ನ ಮುಖ ನೋಡಿದರು. ಥರ್ಮಲ್ ಸ್ಟ್ರೆಸ್ ಬಗ್ಗೆ ಪರೀಕ್ಷೆಯಲ್ಲಿ ಎರಡು ಪುಟ ಬರೆದವನಿಗೆ ಮನೆಯಲ್ಲಿ ಕನ್ನಡದಲ್ಲಿ ಎರಡು ವಾಕ್ಯ ಹೇಳಲು ಬರಲಿಲ್ಲ. ಆವತ್ತು ಹೇಳಲಾಗದ್ದನ್ನು ಈಗ ಬರೆಯುತ್ತಿದ್ದೇನೆ.

ದ್ವೀಪ ಎಲ್ಲಿದೆ?

ಉಡುಪಿಯ ಮಲ್ಪೆಯಿಂದ ಬೋಟಿನಲ್ಲಿ ಹೋಗಬೇಕು. ಸೇಂಟ್ ಮೇರೀಸ್ ಅಂದರೆ ಒಂದೇ ದ್ವೀಪ ಅಲ್ಲ, ಮುಖ್ಯವಾಗಿ ನಾಲ್ಕಿವೆ. ನಾವೆಲ್ಲ ಇಳಿಯುವುದು ತೆಂಗಿನಮರಗಳಿರುವ ಕೋಕೋನಟ್ ಐಲ್ಯಾಂಡಿನಲ್ಲಿ. ಇದಕ್ಕೆ ತೋನ್ಸೆಪಾರ್ ಅಂತಲೂ ಹೆಸರಿದೆ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಹೆಸರಿಟ್ಟ ಅನ್ನುವ ಮಾತಿದೆ. ದ್ವೀಪದಲ್ಲಿ ಜನವಸತಿ ಇಲ್ಲ. ದಡದಲ್ಲಿ ಕೆಲವು ಕಡೆ ಮರಳಿಗಿಂತ ಚಿಪ್ಪುಗಳೇ ಜಾಸ್ತಿ, ನಡೆದರೆ ಚರಚರ ಸದ್ದು.

ಹವಾಯಿಯ ಪುನಲುಉ ಬೀಚಿನಲ್ಲಿ ಲಾವಾ ಪುಡಿಯಾಗಿ ಕಪ್ಪು ಮರಳಾಗಿದೆ. ನಮ್ಮಲ್ಲಿ ಅದು ಕಂಬವಾಗಿ ನಿಂತಿದೆ. ಇದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳಲ್ಲೊಂದು.

ಕಂಬ ಆಗಿದ್ದು ಹೇಗೆ?

ನಾನು ತಡವರಿಸುವುದನ್ನು ನೋಡಿ ತಾತನೇ ಕೇಳಿದರು: "ನಾಲೆ ನೀರು ನಿಂತ್ಮೇಲೆ ಗದ್ದೆ ಬಿರುಕು ಬಿಡಲ್ವಾ, ಹಂಗಾ?" ಹೌದು, ಹೆಚ್ಚು ಕಡಿಮೆ ಹಂಗೇ!

ಕೆಸರಿನಿಂದ ನೀರು ಹೋದರೆ ಅದು ಕುಗ್ಗುತ್ತದೆ. ಲಾವಾದಿಂದ ಶಾಖ ಹೋದರೆ ಅದೂ ಕುಗ್ಗುತ್ತದೆ. ಲಾವಾ ಗಟ್ಟಿಯಾದ ಮೇಲೂ ತುಂಬಾ ಬಿಸಿ ಇರುತ್ತದೆ. ಇನ್ನೂ ತಣ್ಣಗಾಗುವಾಗ ಕಲ್ಲು ಎಲ್ಲ ದಿಕ್ಕಿನಿಂದಲೂ ತನ್ನನ್ನು ತಾನೇ ಎಳೆದುಕೊಳ್ಳುತ್ತದೆ. ಎಳೆತ ತಡೆಯಲಾಗದಿದ್ದಾಗ ಬಿರಿಯುತ್ತದೆ. ಬಿರುಕು ಮೊದಲು ಶುರುವಾಗುವುದು ತಣ್ಣಗಾದ ಹೊರಮೈಯಲ್ಲಿ. ಒಳಭಾಗ ತಣ್ಣಗಾದಂತೆ ಬಿರುಕೂ ಸ್ವಲ್ಪ ಸ್ವಲ್ಪವೇ ಒಳಗಿಳಿಯುತ್ತದೆ. ಎರಡು ಬಿರುಕುಗಳ ನಡುವೆ ಉಳಿದದ್ದೇ ಕಂಬ. ನಿಧಾನವಾಗಿ ತಣ್ಣಗಾದರೆ ಕಂಬ ದಪ್ಪ, ಬೇಗ ತಣ್ಣಗಾದರೆ ಸಣ್ಣ.

ಹಾಗಾದರೆ ಆರು ಮೂಲೆ ಯಾಕೆ? ಸಂದಿ ಬಿಡದೆ ನೆಲ ತುಂಬಬಲ್ಲ, ಬಾಹುಗಳೂ ಕೋನಗಳೂ ಸಮವಾಗಿರುವ ಆಕಾರಗಳು ಮೂರೇ: ತ್ರಿಕೋನ, ಚೌಕ, ಷಟ್ಕೋನ. ಅಷ್ಟೇ ಜಾಗಕ್ಕೆ ಅತಿ ಕಡಿಮೆ ಅಂಚು ಸಾಕಾಗುವುದು ಷಟ್ಕೋನಕ್ಕೆ. ಅಂದರೆ ಕಡಿಮೆ ಬಿರುಕು, ಕಡಿಮೆ ಶಕ್ತಿ. ಒಂದೇ ಸಲ ಒಣಗಿದ ಗದ್ದೆಯಲ್ಲಿ ಬಿರುಕುಗಳು ಹೆಚ್ಚಾಗಿ ಇಂಗ್ಲಿಷ್ 'ಟಿ' ಥರ ಸೇರುತ್ತವೆ. ಲಾವಾದಲ್ಲಿ ಬಿರುಕು ಒಳಗಿಳಿಯುತ್ತಾ ತಿದ್ದಿಕೊಂಡು 'ವೈ' ಥರ, ಸುಮಾರು 120 ಡಿಗ್ರಿಗೆ ಬರುತ್ತದೆ. ಹಾಗಂತ ಪ್ರಕೃತಿ ಸ್ಕೇಲ್ ಹಿಡಿದು ಕೂತಿಲ್ಲ. ನಾನು ಎಣಿಸಿದಾಗ ಐದು, ಏಳು ಮುಖದವೂ ಸಿಕ್ಕವು.

ಎಷ್ಟು ಹಳೆಯದು?

ಸುಮಾರು 8.5ರಿಂದ 9 ಕೋಟಿ ವರ್ಷ. ಇದು ಡೆಕ್ಕನ್ ಟ್ರ್ಯಾಪ್‌ನ ಭಾಗ ಅಂತ ನಾನಂದುಕೊಂಡಿದ್ದೆ, ಅದು ತಪ್ಪು. ಡೆಕ್ಕನ್ ಲಾವಾ ಉಕ್ಕಿದ್ದು ಸುಮಾರು 6.6 ಕೋಟಿ ವರ್ಷದ ಹಿಂದೆ. ಇದನ್ನು ಬಸಾಲ್ಟ್ ಅನ್ನುವುದು ರೂಢಿ, ಆದರೆ ಪರೀಕ್ಷೆ ಮಾಡಿದಾಗ ಸಿಲಿಕಾ ಹೆಚ್ಚಿರುವ ಡೇಸೈಟ್, ರಯೋಲೈಟ್ ಜಾತಿಯ ಕಲ್ಲು ಅಂತ ಗೊತ್ತಾಗಿದೆ. ಭಾರತ ಮತ್ತು ಮಡಗಾಸ್ಕರ್ ಬೇರೆಯಾಗುತ್ತಿದ್ದ ಕಾಲ ಅದು. ಅದೇ ವಯಸ್ಸಿನ ಜ್ವಾಲಾಮುಖಿ ಕಲ್ಲು ಮಡಗಾಸ್ಕರ್‌ನಲ್ಲೂ ಇದೆ. ಪಾಲಾದ ಅಣ್ಣತಮ್ಮಂದಿರ ಹೊಲದ ಬದುವಿನಂತೆ ಈ ಕಲ್ಲು ಇಲ್ಲಿ ಉಳಿದುಕೊಂಡಿದೆ.

ಹೋಗುವವರಿಗೆ

ಮಳೆಗಾಲದಲ್ಲಿ ಬೋಟ್ ಇರುವುದಿಲ್ಲ. ಒದ್ದೆ ಕಂಬದ ಮೇಲೆ ಸೆಲ್ಫಿ ಬೇಡ. ನಾನೇ ಜಾರಿ ಮೊಣಕಾಲು ಕೆತ್ತಿಸಿಕೊಂಡೆ. ಕಲ್ಲಿನ ಚೂರು ತರಬೇಡಿ. ನಾನು ಒಂದನ್ನು ಬ್ಯಾಗಿಗೆ ಹಾಕಿದ್ದೆ, ಬೋಟ್ ಹತ್ತುವ ಮೊದಲು ವಾಪಸ್ ಇಟ್ಟು ಬಂದೆ.

ಎಲ್ಲ ಕೇಳಿದ ಮೇಲೆ ತಾತ ಫೋಟೋವನ್ನು ದೊಡ್ಡದು ಮಾಡಿ ಇನ್ನೊಮ್ಮೆ ನೋಡಿದರು. "ಅಷ್ಟು ದೂರ ಹೋಗಿ ಗದ್ದೆ ಬಿರುಕು ನೋಡ್ಕಂಡ್ ಬಂದೆ ಅನ್ನು" ಅಂತ ನಕ್ಕರು. ಅವರು ಇನ್ನೂ ಸಮುದ್ರ ನೋಡಿಲ್ಲ. ಮುಂದಿನ ಜನವರಿಗೆ ಅವರನ್ನೂ ಕರ್ಕೊಂಡು ಹೋಗ್ತೀನಿ.