ವಿದೇಶದಿಂದ ಯಂತ್ರ ತರಿಸುವ ಮುನ್ನ: ಹೊಸ ಆಮದುದಾರರ ಹೊಣೆ ಮತ್ತು ಹಕ್ಕು

ಹೆಗ್ಗಡದೇವನಕೋಟೆ, ಹುಣಸೂರು ಮತ್ತು ಪಿರಿಯಾಪಟ್ಟಣ ತಾಲ್ಲೂಕುಗಳಲ್ಲಿ ಹೊಗೆಸೊಪ್ಪಿನೊಡನೆ ಶುಂಠಿ ಬೇಸಾಯವೂ ಬೇರೂರಿದ್ದು, ಶುಂಠಿ ತೊಳೆಯುವ ಹಾಗೂ ಕಳೆ ತೆಗೆಯುವ ಯಂತ್ರಗಳನ್ನು ವಿದೇಶದಿಂದ ನೇರವಾಗಿ ತರಿಸಬಹುದೇ ಎಂಬ ಪ್ರಶ್ನೆ ರೈತರಿಗೂ ರೈತ ಉತ್ಪಾದಕ ಕಂಪನಿಗಳಿಗೂ ಎದುರಾಗುತ್ತದೆ. ಕಾನೂನಿನಲ್ಲಿ ಇದಕ್ಕೆ ಅವಕಾಶವಿದೆ. ಆದರೆ 2011ರಿಂದ ಜಾರಿಯಲ್ಲಿರುವ ಸ್ವಯಂ ನಿರ್ಧರಣೆ ಪದ್ಧತಿಯಲ್ಲಿ, ಅಂದರೆ ಸರಕಿನ ವಿವರ, ಬೆಲೆ ಮತ್ತು ಸುಂಕದ ದರವನ್ನು ಆಮದುದಾರನೇ ಘೋಷಿಸುವ ವ್ಯವಸ್ಥೆಯಲ್ಲಿ, ತಪ್ಪಿನ ಹೊಣೆಯೂ ಅವನ ಮೇಲೆಯೇ ಬೀಳುವುದರಿಂದ, ಮುಂಗಡ ಕಳುಹಿಸುವ ಮೊದಲೇ ನಿಯಮಗಳನ್ನು ತಿಳಿದುಕೊಳ್ಳುವುದು ಅಗತ್ಯ.

ಹಣ ಕಳುಹಿಸುವ ಮುನ್ನ

ವಿದೇಶಿ ವ್ಯಾಪಾರ (ಅಭಿವೃದ್ಧಿ ಮತ್ತು ನಿಯಂತ್ರಣ) ಕಾಯ್ದೆ, 1992ರ 7ನೇ ಕಲಮಿನಂತೆ ಆಮದುದಾರನು ಐಇಸಿ ಎಂಬ ಆಮದು-ರಫ್ತು ಸಂಕೇತ ಸಂಖ್ಯೆಯನ್ನು ಹೊಂದಿರಬೇಕು. ಸ್ವಂತ ಬಳಕೆಯ ವಸ್ತುಗಳಿಗೆ ಇದರಿಂದ ವಿನಾಯಿತಿಯಿದ್ದರೂ, ಆ ಬಳಕೆ ವ್ಯಾಪಾರ, ತಯಾರಿಕೆ ಅಥವಾ ಕೃಷಿಗೆ ಸಂಬಂಧಿಸಿರಬಾರದು ಎಂಬ ಷರತ್ತು ಇರುವುದರಿಂದ, ತನ್ನದೇ ಹೊಲಕ್ಕೆ ಯಂತ್ರ ತರಿಸುವ ರೈತನಿಗೂ ಐಇಸಿ ಬೇಕಾಗುತ್ತದೆ. ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯದ ಜಾಲತಾಣದಲ್ಲಿ 500 ರೂ. ಶುಲ್ಕ ಕಟ್ಟಿ ಇದನ್ನು ಪಡೆಯಬಹುದು. ಪ್ಯಾನ್ ಸಂಖ್ಯೆಯೇ ಐಇಸಿ ಆಗಿರುತ್ತದೆ. ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್‌ವರೆಗಿನ ಅವಧಿಯಲ್ಲಿ ವಿವರಗಳನ್ನು ದೃಢೀಕರಿಸದಿದ್ದರೆ ಅದು ನಿಷ್ಕ್ರಿಯವಾಗುತ್ತದೆ.

ತರಿಸುವ ವಸ್ತು ಮುಕ್ತ, ನಿರ್ಬಂಧಿತ, ನಿಷೇಧಿತ ಎಂಬ ವರ್ಗಗಳಲ್ಲಿ ಯಾವುದಕ್ಕೆ ಸೇರಿದೆ ಎಂಬುದು ಮುಂದಿನ ಪ್ರಶ್ನೆ. ಔಷಧಿ ಸಿಂಪಡಿಸುವ ಡ್ರೋನ್ ಇದಕ್ಕೆ ತಕ್ಕ ಉದಾಹರಣೆ: 2022ರ ಫೆಬ್ರವರಿ 9ರ ಅಧಿಸೂಚನೆಯಿಂದ ಸಿದ್ಧ ಡ್ರೋನ್‌ಗಳ ಆಮದು ನಿಷೇಧವಾಗಿದ್ದು, ಸಂಶೋಧನೆ, ರಕ್ಷಣೆ ಮತ್ತು ಭದ್ರತೆಯ ಉದ್ದೇಶಗಳಿಗೆ ಮಾತ್ರ ವಿನಾಯಿತಿಯಿದೆ. ಬಿತ್ತನೆ ಗೆಡ್ಡೆ, ಬೀಜ, ಸಸಿಗಳಿಗೆ 2003ರ ಸಸ್ಯ ಕ್ವಾರಂಟೈನ್ ಆದೇಶ ಅನ್ವಯಿಸುತ್ತದೆ. ಅದರಂತೆ ಮುಂಗಡ ಆಮದು ಪರವಾನಗಿಯೂ ಕಳುಹಿಸುವ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಇರಬೇಕು. ಯಂತ್ರವನ್ನು ಕಟ್ಟಿದ ಮರದ ಪೆಟ್ಟಿಗೆಯೂ ಕೀಟ ನಿವಾರಣೆಯ ಸಂಸ್ಕಾರ ಪಡೆದಿರಬೇಕು. ಹಲಗೆಯ ಮೇಲೆ ಗೋಧಿ ತೆನೆಯ ಅಂತರರಾಷ್ಟ್ರೀಯ ಮುದ್ರೆ ಇಲ್ಲದಿದ್ದರೆ ಯಂತ್ರ ಸರಿಯಿದ್ದರೂ ಸರಕು ತಡೆಯಲ್ಪಡಬಹುದು. ಹಣವನ್ನು ವಿದೇಶಿ ವಿನಿಮಯಕ್ಕೆ ಅಧಿಕೃತವಾದ ಬ್ಯಾಂಕಿನ ಮೂಲಕವೇ ಕಳುಹಿಸಬೇಕು.

ಸುಂಕದ ಲೆಕ್ಕ

ಸುಂಕವನ್ನು ಸರಕಿನ ಬೆಲೆಗೆ ಸಾಗಣೆ ಮತ್ತು ವಿಮೆಯ ವೆಚ್ಚ ಸೇರಿಸಿದ ಮೌಲ್ಯದ ಮೇಲೆ ಹಾಕಲಾಗುತ್ತದೆ. ಈ ಮೌಲ್ಯ 1,00,000 ರೂ., ಮೂಲ ಸುಂಕ ಶೇ 7.5, ಐಜಿಎಸ್‌ಟಿ (ಸಮಗ್ರ ಸರಕು ಮತ್ತು ಸೇವಾ ತೆರಿಗೆ) ಶೇ 18 ಎಂದಿಟ್ಟುಕೊಂಡರೆ, ಮೂಲ ಸುಂಕ 7,500 ರೂ., ಅದರ ಶೇ 10ರಷ್ಟು ಸಮಾಜ ಕಲ್ಯಾಣ ಸರ್ಚಾರ್ಜ್ 750 ರೂ., ಈ ಮೂರರ ಮೊತ್ತವಾದ 1,08,250 ರೂ. ಮೇಲೆ ಐಜಿಎಸ್‌ಟಿ 19,485 ರೂ., ಹೀಗೆ ಒಟ್ಟು 27,735 ರೂ. ಆಗುತ್ತದೆ. ನಿಜವಾದ ದರ ಯಂತ್ರದ ವರ್ಗೀಕರಣವನ್ನು ಅವಲಂಬಿಸಿದೆ. ಜಿಎಸ್‌ಟಿ ನೋಂದಣಿ ಇರುವ ವ್ಯಾಪಾರಿ ಐಜಿಎಸ್‌ಟಿಯನ್ನು ಹೂಡುವಳಿ ತೆರಿಗೆಯಾಗಿ ಹೊಂದಿಸಿಕೊಳ್ಳಬಹುದು. ನೋಂದಣಿ ಇಲ್ಲದ ರೈತನಿಗೆ ಅದು ಖರ್ಚಾಗಿಯೇ ಉಳಿಯುತ್ತದೆ.

ಸರಕು ಬಂದಾಗ

ಸರಕು ಚೆನ್ನೈ ಅಥವಾ ನವಮಂಗಳೂರು ಬಂದರಿಗೆ ಬರಲಿ, ಬೆಂಗಳೂರಿನ ವೈಟ್‌ಫೀಲ್ಡ್ ಒಳನಾಡು ಕಂಟೇನರ್ ಡಿಪೋಗೆ ಬರಲಿ, ಕಸ್ಟಮ್ಸ್ ಕಾಯ್ದೆ, 1962ರ 46ನೇ ಕಲಮಿನಂತೆ ಬಿಲ್ ಆಫ್ ಎಂಟ್ರಿ ಎಂಬ ಘೋಷಣಾಪತ್ರವನ್ನು ಸಲ್ಲಿಸಬೇಕು. ಇದನ್ನು ಸ್ವತಃ ಅಥವಾ ಪರವಾನಗಿ ಪಡೆದ ಕಸ್ಟಮ್ಸ್ ಬ್ರೋಕರ್ ಮೂಲಕ ಸಲ್ಲಿಸಬಹುದು. ತಡವಾದರೆ ದಂಡಶುಲ್ಕ ಬೀಳುತ್ತದೆ. ಇಳಿಸಿದ 30 ದಿನಗಳೊಳಗೆ ಬಿಡಿಸಿಕೊಳ್ಳದ ಸರಕನ್ನು ನೋಟಿಸ್ ಕೊಟ್ಟು ಮಾರಾಟ ಮಾಡಲು ಕಾಯ್ದೆಯಲ್ಲಿ ಅವಕಾಶವಿದೆ. 2020ರ ಜೂನ್ 8ರಂದು ಬೆಂಗಳೂರು ಮತ್ತು ಚೆನ್ನೈಗಳಲ್ಲಿ ಆರಂಭವಾದ ಮುಖಾಮುಖಿ ಇಲ್ಲದ ನಿರ್ಧರಣೆಯಲ್ಲಿ ಕಡತವನ್ನು ನೋಡುವ ಅಧಿಕಾರಿ ಬೇರೆ ಊರಿನಲ್ಲಿರಬಹುದಾದ ಕಾರಣ, ಇನ್‌ವಾಯ್ಸ್, ಪ್ಯಾಕಿಂಗ್ ಪಟ್ಟಿ, ಯಂತ್ರದ ಕೆಲಸವನ್ನು ತೋರಿಸುವ ಕ್ಯಾಟಲಾಗ್ ಸ್ಪಷ್ಟವಾಗಿರಬೇಕು.

ಆಮದುದಾರನ ಹಕ್ಕುಗಳು

ಅಧಿಕಾರಿ ಘೋಷಣೆಯನ್ನು ಒಪ್ಪದೆ ಸುಂಕವನ್ನು ಮರುನಿರ್ಧರಿಸಿದಾಗ, ಆಮದುದಾರನು ಅದಕ್ಕೆ ಲಿಖಿತವಾಗಿ ಸಮ್ಮತಿಸದಿದ್ದರೆ, ಕಸ್ಟಮ್ಸ್ ಕಾಯ್ದೆಯ 17(5)ನೇ ಕಲಮಿನಂತೆ ಅಧಿಕಾರಿ 15 ದಿನಗಳೊಳಗೆ ಕಾರಣಸಹಿತ ಆದೇಶ ನೀಡಬೇಕು. 124ನೇ ಕಲಮಿನಂತೆ, ನೋಟಿಸ್ ಕೊಡದೆ, ಅಹವಾಲು ಕೇಳದೆ ಸರಕನ್ನು ಮುಟ್ಟುಗೋಲು ಹಾಕುವಂತಿಲ್ಲ. ಆದೇಶ ತಲುಪಿದ 60 ದಿನಗಳೊಳಗೆ ಕಸ್ಟಮ್ಸ್ ಆಯುಕ್ತರಿಗೆ (ಮೇಲ್ಮನವಿ) ಮನವಿ ಸಲ್ಲಿಸಬಹುದು. ಅದಕ್ಕೆ ವಿವಾದಿತ ಸುಂಕದ ಶೇ 7.5ರಷ್ಟನ್ನು ಮೊದಲು ಠೇವಣಿ ಇಡಬೇಕು. ಕಸ್ಟಮ್ಸ್ ಹೆಸರಿನಲ್ಲಿ ಖಾಸಗಿ ಖಾತೆಗೆ ಹಣ ಹಾಕಲು ಹೇಳುವ ಕರೆಗಳು ವಂಚನೆಯೇ; ಇಲಾಖೆಯ ಪತ್ರಗಳಲ್ಲಿ ನಮೂದಾಗುವ ದಾಖಲೆ ಗುರುತಿನ ಸಂಖ್ಯೆಯನ್ನು ಜಾಲತಾಣದಲ್ಲಿ ಪರಿಶೀಲಿಸಬಹುದು.

ಮೇಲ್ಮನವಿ ನಿಲ್ಲುವುದು ಲಿಖಿತ ಆದೇಶದ ಮೇಲೆ. ಆದ್ದರಿಂದ ಬಾಯಿಮಾತಿನ ಆಕ್ಷೇಪಕ್ಕೆ ಮಣಿದು ಹೆಚ್ಚುವರಿ ಸುಂಕಕ್ಕೆ ಸಮ್ಮತಿ ಬರೆದುಕೊಡುವ ಮುನ್ನ, ಹೊಸ ಆಮದುದಾರನು ಕಾರಣವನ್ನು ಬರಹದಲ್ಲಿ ಕೇಳಿ ಪಡೆಯಬೇಕು; ಅದು ಕಾಯ್ದೆಯೇ ಅವನಿಗೆ ಕೊಟ್ಟಿರುವ ಹಕ್ಕು.