ದಿಕ್ಕು ತೋಚದಾದಾಗ: ಶರಣಬಸವರು ಹಿಡಿದ ದಾರಿ



ಗುಡ್ಡ ಹತ್ತಿ ಬರುವ ಭಕ್ತರು ದೇವರ ಮುಂದೆ ಇಡುವ ಬೇಡಿಕೆಗಳು ನೂರಾರು. ಮಳೆ ಬೇಡುವವರು, ಮಗಳಿಗೆ ವರ ಬೇಡುವವರು, ನೌಕರಿ ಬೇಡುವವರು. ಇವರ ನಡುವೆ ಕೆಲವರು ಕಾಯಿ ಒಡೆಸಿ, ಕೈ ಮುಗಿದು, ಏನು ಬೇಡಬೇಕೆಂಬುದೇ ಹೊಳೆಯದೆ ಸುಮ್ಮನೆ ನಿಂತುಬಿಡುತ್ತಾರೆ. "ಎಪ್ಪಾ, ಮುಂದಿನ ದಾರಿನೇ ಕಾಣವಲ್ದು. ಎದಕ್ಕ ಬದುಕೀನಿ ಅನ್ನೋದೇ ತಿಳೀವಲ್ದು" ಅಂತ ಒಳಗೇ ಅನ್ನುತ್ತಾರೆ. ಈ ಪಾಠ ಅಂಥವರಿಗಾಗಿ.

ನಮ್ಮ ಸೀಮೆಯಲ್ಲಿ ಇಂಥವರು ಕಡಿಮೆ ಇಲ್ಲ. ಕಲಬುರಗಿ ನಗರದಲ್ಲಿ ಬಾಡಿಗೆ ಕೋಣೆ ಹಿಡಿದು ವರ್ಷಗಟ್ಟಲೆ ಸರಕಾರಿ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರನ್ನು ನೋಡಿರಿ. 2021ರ ಅಕ್ಟೋಬರದಲ್ಲಿ ಬರೆದ ಪಿಎಸ್‌ಐ ಪರೀಕ್ಷೆ ಅಕ್ರಮದ ಕಾರಣಕ್ಕೆ 2022ರಲ್ಲಿ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಗೆ. ನೇರವಾಗಿ ಓದಿ ಬರೆದವರ ಎರಡು ವರ್ಷ ಎಲ್ಲಿ ಹೋದವು? ಅದೇ 2022ರಲ್ಲಿ ತೊಗರಿಗೆ ನೆಟೆ ರೋಗ ಬಿದ್ದು, ಕೈಗೆ ಬಂದ ಬೆಳೆ ನಿಂತಲ್ಲೇ ಒಣಗಿತು. ಹೊಲದ ಬದುವಿನ ಮೇಲೆ ಕುಂತ ರೈತನಿಗೆ ಅವತ್ತು ಯಾವ ದಿಕ್ಕು ಕಂಡೀತು? ಮಕ್ಕಳು ಪುಣೆ, ಮುಂಬಯಿ, ಹೈದರಾಬಾದ ಅಂತ ದುಡಿಲಿಕ್ಕೆ ಹೋದ ಮೇಲೆ ಖಾಲಿ ಮನೆ ಕಾಯುವ ತಾಯಂದಿರ ಮಾತಂತೂ ಬೇರೆ ಹೇಳಬೇಕಿಲ್ಲ.

ಇಂಥ ಹೊತ್ತಿನಲ್ಲಿ ನೆನೆಯಬೇಕಾದವರು ಕಲಬುರಗಿಯ ಮಹಾದಾಸೋಹಿ ಶರಣಬಸವೇಶ್ವರರು. ಅಪ್ಪನ ಗುಡಿಗೆ ಎಲ್ಲರೂ ಹೋಗಿ ಬರುತ್ತೇವೆ. ಹೋಳಿ ಹುಣ್ಣಿಮೆಯಾಗಿ ಐದನೇ ದಿನಕ್ಕೆ ತೇರು ಎಳೆಯುತ್ತೇವೆ, ಉತ್ತತ್ತಿ ಬಾಳೆಹಣ್ಣು ಎಸೆಯುತ್ತೇವೆ. ಆದರೆ ಆ ಮಹಾತ್ಮರು ಕಲಬುರಗಿಗೆ ಬಂದದ್ದು ಯಾವ ಸ್ಥಿತಿಯಲ್ಲಿ ಎಂಬುದನ್ನು ನಾವು ಅಷ್ಟು ಯೋಚಿಸುವುದಿಲ್ಲ.

ಅವರು ಹುಟ್ಟಿದ್ದು 1746ರಲ್ಲಿ, ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ. ಒಕ್ಕಲುತನದ ಮನೆ. ಕಲಕೇರಿಯ ಮರುಳಾರಾಧ್ಯರು ಗುರುಗಳು. ಮಹಾದೇವಿ ತಾಯಿ ಮಡದಿ. ಶರಣರು ಸನ್ಯಾಸಿಯಲ್ಲ, ಮಠದ ಅಯ್ಯನೂ ಅಲ್ಲ. ನಮ್ಮ ನಿಮ್ಮ ಹಾಗೆ ನೇಗಿಲು ಹಿಡಿದ ಸಂಸಾರಿ. ಶ್ರಾವಣದಲ್ಲಿ ಊರೂರಿಗೆ ಹಚ್ಚುವ ಶರಣಬಸವ ಪುರಾಣದಲ್ಲಿ ಹೊಲದ ಕಥೆ ಬರುತ್ತದೆ. ಎಲ್ಲರೂ ಕವಣಿ ಬೀಸಿ ಹಕ್ಕಿ ಓಡಿಸುವಾಗ ಇವರು ಹಕ್ಕಿಗಳಿಗೆ ಕುಡಿಯಲು ನೀರಿಟ್ಟು, "ತಿನ್ರಿ, ನಿಮ್ಮ ಪಾಲು ನಿಮಗ" ಅಂದರಂತೆ. ಕಡೆಗೆ ರಾಶಿ ಮಾಡಿದಾಗ ಇವರ ಹೊಲದ ಜೋಳವೇ ಹೆಚ್ಚಾಯಿತಂತೆ. ಪವಾಡವನ್ನು ನಂಬುವುದು ಬಿಡುವುದು ಓದುವವರಿಗೆ ಬಿಟ್ಟದ್ದು. ನಮಗೆ ಬೇಕಾದ ಸಂಗತಿ ಇಷ್ಟು: ಬಂದವರಿಗೆ ಉಣಿಸುವುದು ಅವರಿಗೆ ಹೊಲದಲ್ಲೇ, ಮನೆಯಲ್ಲೇ ರೂಢಿಯಾಗಿತ್ತು. ಅರಳಗುಂಡಗಿಯ ಮನೆಯಲ್ಲಿ ವರ್ಷಗಟ್ಟಲೆ ದಾಸೋಹ ನಡೆಯಿತು. ಗಂಡ ಕಾಳು ತಂದರೆ ಹೆಂಡತಿ ಬೀಸಿ ರೊಟ್ಟಿ ಬಡಿದಳು. ದಾಸೋಹಕ್ಕೆ ಎರಡು ಜೋಡಿ ಕೈ ಬೇಕಾಗುತ್ತವೆ ಎಂಬುದನ್ನು ಪುರಾಣ ಕೇಳುವ ಗಂಡಸರು ಮರೆಯಬಾರದು.

ಅಂಥ ಮಹಾದೇವಿ ತಾಯಿ ಲಿಂಗೈಕ್ಯಳಾದಳು. ಅಲ್ಲಿಗೆ ಶರಣರ ಸಂಸಾರ ಮುಗಿಯಿತು. ಮನೆ ಬಿಟ್ಟರು, ಹುಟ್ಟಿದ ಊರು ಬಿಟ್ಟರು. ಎಲ್ಲಿಗೆ ಹೋಗಬೇಕೆಂಬ ಗೊತ್ತಿಲ್ಲದೆ ಊರಿಂದೂರಿಗೆ ನಡೆದರು. ಇದನ್ನು ಲೋಕ ವೈರಾಗ್ಯ ಅನ್ನುತ್ತದೆ. ಹೌದು, ವೈರಾಗ್ಯವೇ. ಆದರೆ ಜೊತೆಗಿದ್ದ ಜೀವ ಹೋದ ಮೇಲೆ ಮನೆಯ ಗೋಡೆ ನೋಡಲಿಕ್ಕಾಗದೆ ಹೊರಬಿದ್ದ ದುಃಖವೂ ಅದರಲ್ಲಿ ಇರಲಿಲ್ಲವೆಂದು ಹೇಳುವವರು ಯಾರು?

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಕಲಬುರಗಿಗೆ ಬಂದು ದೊಡ್ಡಪ್ಪಗೌಡರ ಆಶ್ರಯದಲ್ಲಿ ನಿಂತ ಶರಣರು ಹೊಸದೇನನ್ನೂ ಶುರುಮಾಡಲಿಲ್ಲ. "ಇನ್ನು ಮುಂದ ನನ್ನ ಬಾಳಿನ ಗುರಿ ಏನು?" ಎಂದು ಕಣ್ಣು ಮುಚ್ಚಿ ಕೂತು ಹುಡುಕಲಿಲ್ಲ. ಅರಳಗುಂಡಗಿಯಲ್ಲಿ ಮಾಡುತ್ತಿದ್ದ ಅದೇ ಕೆಲಸವನ್ನು ಇಲ್ಲಿ ಹಚ್ಚಿದರು. ಹಸಿದು ಬಂದವನಿಗೆ ರೊಟ್ಟಿ. ಮನೆ ಹೋಗಿತ್ತು, ಮಡದಿ ಹೋಗಿದ್ದಳು, ಕಾಯಕ ಮಾತ್ರ ಬೆನ್ನಿಗೆ ಬಂದಿತ್ತು. 1822ರಲ್ಲಿ ಲಿಂಗೈಕ್ಯರಾಗುವ ತನಕ ಅದನ್ನೇ ನಡೆಸಿದರು. ಇಂದಿಗೂ ಸಂಸ್ಥಾನದಲ್ಲಿ ಒಲೆ ಆರಿಲ್ಲ. ಆ ಗುಡಿಯ ನೆರಳಿನಲ್ಲಿಯೇ ಮುಂದೆ ಶಾಲೆ ಕಾಲೇಜುಗಳೂ ಬೆಳೆದವು. ಗರ್ಭಗುಡಿಯಲ್ಲಿ ಗುರು ಮರುಳಾರಾಧ್ಯರು, ಶಿಷ್ಯ ಶರಣಬಸವರು ಜೋಡಿ ಮೂರ್ತಿಯಾಗಿ ಇರುವುದನ್ನು ನೀವು ನೋಡಿರಬಹುದು. ಒಬ್ಬನೇ ದಾರಿ ಕಂಡುಕೊಂಡೆ ಎಂಬ ಹಮ್ಮು ಆ ಮೂರ್ತಿಯಲ್ಲಿ ಇಲ್ಲ.

"ನಾ ಯಾಕ ಹುಟ್ಟೀನಿ?" ಎಂಬ ಪ್ರಶ್ನೆಗೆ ಒಬ್ಬನೇ ಕೋಣೆಯಲ್ಲಿ ಕೂತು ಉತ್ತರ ಹುಡುಕಿದರೆ ತಲೆ ಬಿಸಿಯಾಗುತ್ತದೆಯೇ ಹೊರತು ಉತ್ತರ ಸಿಗುವುದು ಅಪರೂಪ. "ಇವತ್ತ ನನ್ನ ಕೈಲೆ ಯಾರಿಗೆ ಏನಾಗಬೇಕಾಗ್ಯದ?" ಎಂದು ಕೇಳಿದರೆ ಸಂಜೆಯೊಳಗೆ ಉತ್ತರ ಸಿಗುತ್ತದೆ. ಪರೀಕ್ಷೆ ಕೈಕೊಟ್ಟ ಹುಡುಗ ಓಣಿಯ ನಾಲ್ಕು ಮಕ್ಕಳಿಗೆ ಸಂಜೆ ಒಂದು ತಾಸು ಲೆಕ್ಕ ಹೇಳಿಕೊಡಲಿ. ಓದು ಬಿಡಬೇಕೆಂದಲ್ಲ, ಓದಿನ ಜೊತೆಗೆ. ಖಾಲಿ ಮನೆಯ ತಾಯಿ ಅಂಗನವಾಡಿಯ ಕಡೆ ಒಂದು ಸುತ್ತು ಹೋಗಿ ಬರಲಿ. ಸಣ್ಣದಾದರೂ ನಡೆಯುತ್ತದೆ, ದಿನಾ ಅದೇ ಹೊತ್ತಿಗೆ ಆದರೆ ಸಾಕು.

ಹಾಗಂತ ಕೈತುಂಬ ಕೆಲಸ ಇದ್ದವರು ದಿಕ್ಕು ತಪ್ಪುವುದಿಲ್ಲವೆಂದು ತಿಳಿಯಬೇಡಿರಿ. ಕಲ್ಯಾಣದ ಆಯ್ದಕ್ಕಿ ಮಾರಯ್ಯನ ಕಥೆ ಗೊತ್ತಿರಬೇಕು. ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಅವನ ಕಾಯಕ. ಒಂದು ದಿನ ಅನುಭಾವದ ಮಾತಿನಲ್ಲಿ ಮೈಮರೆತು ಕಾಯಕವನ್ನೇ ಮರೆತ. ಎಚ್ಚರಿಸಿದವಳು ಹೆಂಡತಿ ಲಕ್ಕಮ್ಮ. ಇನ್ನೊಮ್ಮೆ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ತಂದಾಗ ಅದನ್ನು ಚೆಲ್ಲಿ ಬಾ ಎಂದು ತಿರುಗಿ ಕಳಿಸಿದಳು. ಮನೆಯವರು ಆಡುವ ಕಟು ಮಾತು ಕೆಲವೊಮ್ಮೆ ದಾರಿಯ ಕೈಮರವಿದ್ದಂತೆ.

"ನಂಗ ವಯಸ್ಸಾಗ್ಯದ, ಇನ್ನೇನು ದಾರಿ" ಅನ್ನುವವರು ಕಲಬುರಗಿಯ ಇನ್ನೊಂದು ಪುಣ್ಯಸ್ಥಳದ ಕಡೆ ನೋಡಲಿ. ಹಜರತ್ ಖಾಜಾ ಬಂದೇನವಾಜರು ಹುಟ್ಟಿದ್ದು 1321ರಲ್ಲಿ, ದಿಲ್ಲಿಯಲ್ಲಿ. 1398ರಲ್ಲಿ ತೈಮೂರನ ದಂಡು ಬಂದಾಗ ದಿಲ್ಲಿ ಬಿಟ್ಟು ಹೊರಟರು. ಆಗ ಅವರ ವಯಸ್ಸು ಎಪ್ಪತ್ತೇಳು. ಬಹಮನಿ ಸುಲ್ತಾನ ಫಿರೋಜ್ ಷಾನ ಕಾಲದಲ್ಲಿ ಕಲಬುರಗಿಗೆ ಬಂದು, 1422ರಲ್ಲಿ ತೀರಿಕೊಳ್ಳುವ ತನಕ ಇಲ್ಲಿಯೇ ಜನರಿಗೆ ಬೋಧಿಸಿದರು. ನಾವು ಇಂದು ಅವರನ್ನು ಕಲಬುರಗಿಯವರೆಂದೇ ನೆನೆಯುತ್ತೇವೆ. ಮುಪ್ಪಿನ ಇಪ್ಪತ್ತು ವರ್ಷ ಈ ಊರಿಗೆ ಅಷ್ಟು ಕೊಟ್ಟಿತು.

ಕಲಬುರಗಿಯಿಂದ ಹುಮನಾಬಾದ ಕಡೆ ಹೋಗುವವರು ಕಮಲಾಪುರದಲ್ಲಿ ಇಳಿದು ಕೆಂಪು ಬಾಳೆಹಣ್ಣು ಕೊಳ್ಳುವುದುಂಟು. ಆ ಊರಿನ ಹೆಸರಿನಲ್ಲೇ ಭೌಗೋಳಿಕ ಗುರುತು ಪಡೆದ ಹಣ್ಣದು. ಬೇರೆ ಬಾಳೆಗಿಂತ ತಿಂಗಳುಗಟ್ಟಲೆ ತಡವಾಗಿ ಗೊನೆ ಬಿಡುತ್ತದೆ. ಪಕ್ಕದ ಹೊಲದವನು ಗೊನೆ ಕಡಿದು ಮಾರಿ ರೊಕ್ಕ ಎಣಿಸುವಾಗ ಕೆಂಪು ಬಾಳೆಯವನು ಇನ್ನೂ ನೀರು ಹಾಯಿಸುತ್ತಿರುತ್ತಾನೆ. ಓರಗೆಯವರಿಗೆಲ್ಲ ನೌಕರಿ, ಮದುವೆ ಆಯಿತೆಂದು ಕೊರಗುವ ಹುಡುಗರು ಆ ತೋಟಗಳನ್ನು ಒಮ್ಮೆ ನೋಡಿ ಬರಬೇಕು.

ಒಂದು ಮಾತನ್ನು ಬಿಡಿಸಿ ಹೇಳಲೇಬೇಕು. ಎಲ್ಲ ಕತ್ತಲೆಯೂ ಕಾಯಕದಿಂದ ಹೋಗುವಂಥದ್ದಲ್ಲ. ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರದು, ಜೀವ ಬೇಡವೆನಿಸುತ್ತದೆ ಎಂದರೆ ಅದು ಕಾಯಿಲೆ. ಅದಕ್ಕೆ ಔಷಧ ಇದೆ. ಯಂತ್ರ ತಾಯತ ಕಟ್ಟಿಸಿ ದಿನ ಕಳೆಯಬೇಡಿರಿ, ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೆ ತೋರಿಸಿರಿ. 2022ರಲ್ಲಿ ಶುರುವಾದ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು. ದುಡ್ಡು ಕೊಡಬೇಕಿಲ್ಲ. ಮನೆಯಲ್ಲಿ ಯಾರಾದರೂ ಹೀಗೆ ಮಂಕಾಗಿ ಕುಂತಿದ್ದರೆ "ಧೈರ್ಯ ತಗೋ" ಎಂದು ಹೇಳಿ ಎದ್ದು ಹೋಗದೆ, ಆ ನಂಬರು ನೀವೇ ಹಚ್ಚಿ ಕೊಡಿರಿ.

ಗುಡ್ಡ ಇಳಿದು ಕಲಬುರಗಿಯ ಮೇಲೆ ಹಾಯ್ದು ಊರಿಗೆ ಹೋಗುವವರು ಅಪ್ಪನ ಗುಡಿಯಲ್ಲಿ ಪ್ರಸಾದ ತಗೊಂಡು ಹೋಗಿರಿ. ಜಾತ್ರೆಯ ದಿನಗಳಾಗಿದ್ದರೆ ಉಂಡ ಮೇಲೆ ಒಂದು ಪಂಗತಿಗೆ ನಿಂತು ಬಡಿಸಿರಿ. ಅಲ್ಲಿ ಯಾರೂ ನಿಮ್ಮ ಹೆಸರು, ಕುಲ, ನೌಕರಿ ಕೇಳುವುದಿಲ್ಲ. "ಯಣ್ಣಾ, ಈ ಸಾಲಿಗೆ ಸಾರು ಬಂದಿಲ್ಲ ನೋಡ್ರಿ" ಎಂದು ಬಕೀಟು ಕೈಗೆ ಕೊಡುತ್ತಾರೆ.